ಮರ ನನ್ನ ಬೇಟೆಯಲ್ಲ

ಸೆಪ್ಟೆಂಬರಿನ ಒಂದು ಶನಿವಾರ. ಮಿಶಿಗನ್ನಿನಲ್ಲಿ ಚಳಿ ಇನ್ನೂ ಶುರುವಾಗಿರಲಿಲ್ಲ. ಕಸದ ಡಬ್ಬಿ ಒಳಗೆ ಎಳೆದುಕೊಳ್ಳೋಕೆ ಅಂತ ಹೊರಗೆ ಬಂದರೆ, ಪಕ್ಕದ ಮನೆಯ ಯಜಮಾನರು ಗ್ಯಾರೇಜಿನ ಮುಂದೆ ಸಾಮಾನು ಹರಡಿಕೊಂಡು ಕೂತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರೆದುರು ನಾಲ್ಕು ಅಲ್ಯೂಮಿನಿಯಂ ಕೋಲುಗಳು. ಒಂದೊಂದೂ ತೋಳುದ್ದ, ಒಂದೊಂದಕ್ಕೂ ಕಾಲಿಡೋಕೆ ಮೆಟ್ಟಿಲು, ಮರಕ್ಕೆ ಸುತ್ತಿ ಬಿಗಿಯೋಕೆ ಒಂದು ಪಟ್ಟಿ. ಏಣಿಯನ್ನು ಯಾರೋ ನಾಲ್ಕು ತುಂಡು ಮಾಡಿದ ಹಾಗಿತ್ತು.

ಬಿಲ್ಲು ಹಿಡಿದು ಬೇಟೆಗೆ ಹೋಗುವವರು ಮರ ಹತ್ತೋದಕ್ಕೆ ಬಳಸೋದು ಇದನ್ನೇ ಅಂತೆ. ಬೆನ್ನಿಗೆ ಕಟ್ಟಿಕೊಂಡು ಕಾಡಿಗೆ ಹೋಗೋದು, ಒಂದರ ಮೇಲೊಂದು ಬಿಗಿಯುತ್ತಾ 15-20 ಅಡಿ ಏರೋದು, ಅಲ್ಲೊಂದು ಪುಟ್ಟ ಅಟ್ಟಣೆ ಕಟ್ಟಿ ಸದ್ದಿಲ್ಲದೆ ಕೂರೋದು. ಬಿಲ್ಲನ್ನು ಕೈಯಲ್ಲಿ ಹಿಡಿದು ಹತ್ತಬಾರದು, ಮೇಲೆ ಹೋದ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳಬೇಕು. ನೆಲ ಬಿಟ್ಟ ಗಳಿಗೆಯಿಂದ ಮತ್ತೆ ನೆಲ ಮುಟ್ಟೋವರೆಗೆ ಮೈಯನ್ನು ಮರಕ್ಕೆ ಕಟ್ಟಿಕೊಂಡೇ ಇರಬೇಕು. ಅಕ್ಟೋಬರ್ 1ಕ್ಕೆ ಬಿಲ್ಲುಬೇಟೆ ಶುರು, ಅದಕ್ಕೇ ಈ ತಯಾರಿ.

ನಮ್ಮ ಮಲೆನಾಡಿನಲ್ಲಿ ಹಿಂದೆ ಇದನ್ನೇ ಮರಸು ಕೂರೋದು ಅಂತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದ ನಮಗೆ ಅದೆಲ್ಲ ಅಜ್ಜಂದಿರ ಕಥೆ. ಹಾಗಾಗಿ ಕುತೂಹಲ ತಡೆಯಲಾಗದೆ ಅಲ್ಲೇ ನಿಂತೆ.

ಪಕ್ಕದಲ್ಲೊಂದು ತುಕ್ಕು ಹಿಡಿದ ಡಬ್ಬಿ ಇತ್ತು. ಅದರ ತುಂಬ ಮೊನಚು ತಿರುಪಿನ ಕಬ್ಬಿಣದ ಕೊಕ್ಕೆಗಳು. ಮೊದಲೆಲ್ಲ ಇವನ್ನೇ ಮರಕ್ಕೆ ತಿರುಗಿಸಿ ಒಳಗಿಳಿಸಿ ಮೆಟ್ಟಿಲು ಮಾಡಿಕೊಳ್ಳುತ್ತಿದ್ದರಂತೆ. ಹಗುರ, ಅಗ್ಗ, ಕೆಲಸವೂ ಸಲೀಸು. ಈಗ ಮಿಶಿಗನ್ನಿನ ಸರ್ಕಾರಿ ಕಾಡುಗಳಲ್ಲಿ ತೊಗಟೆಯೊಳಗೆ ಇಳಿಯುವ ಯಾವುದನ್ನೂ ಮರಕ್ಕೆ ಹಾಕೋ ಹಾಗಿಲ್ಲ. ಯಜಮಾನರು ಸ್ವಂತ ಜಮೀನಿನ ಮರಗಳಿಗೂ ಅದನ್ನು ಬಿಟ್ಟುಬಿಟ್ಟಿದ್ದಾರೆ.

ನನಗೆ ನಗು ಬಂತು. "ಅಲ್ಲ, ನೀವು ಹೋಗ್ತಿರೋದೇ ಜಿಂಕೆ ಕೊಲ್ಲೋಕೆ. ಮರಕ್ಕೊಂದು ತೂತು ಬಿದ್ದರೆ ಏನಾಯ್ತು?" ಅಂದೆ.

ಅವರು ನಗಲಿಲ್ಲ. ಪಟ್ಟಿಯ ಹೊಲಿಗೆ ಪರೀಕ್ಷಿಸುತ್ತಲೇ ಹೇಳಿದರು: "ಮರ ನನ್ನ ಬೇಟೆ ಅಲ್ಲವಲ್ಲ."

ಈ ಮಾತು ವಾರಗಟ್ಟಲೆ ನನ್ನನ್ನು ಬಿಡಲಿಲ್ಲ.

ಮರದ ಬಗ್ಗೆ ಓದಿಕೊಂಡೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಮರಗಳನ್ನು ಉದ್ದುದ್ದ ಸೀಳಿ ನೋಡಿ ತಿಳಿದುಕೊಂಡ ಸಂಗತಿ ಇದು. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ. ಮರ ಆ ಜಾಗದ ಸುತ್ತ ಒಂದು ಗೋಡೆ ಕಟ್ಟಿಕೊಂಡು, ಅದರಾಚೆ ಹೊಸದಾಗಿ ಬೆಳೆಯುತ್ತದೆ. ಹೊರಗಿನಿಂದ ಎಲ್ಲ ಮುಚ್ಚಿದ ಹಾಗೆ ಕಂಡರೂ ಒಳಗೆ ಗಾಯ ಇದ್ದಲ್ಲೇ ಇರುತ್ತದೆ. ನಮ್ಮೂರಿನ ತೆಂಗಿನ ಮರಗಳು ನೆನಪಾದವು. ಹತ್ತೋಕೆ ಅನುಕೂಲ ಅಂತ ಕತ್ತಿಯಲ್ಲಿ ಕಡಿದ ಕಚ್ಚುಗಳು ಅವುಗಳ ಮೈಮೇಲೆ ಕಡೆಯವರೆಗೂ ಹಾಗೇ ಉಳಿಯುತ್ತವೆ. ಕಾಲಿಗೆ ತಳೆ ಹಾಕಿಕೊಂಡು ಅಡಿಕೆ ಮರ ಏರುವ ಕೊನೆಗೌಡ ಮಾತ್ರ ಒಂದು ಗೀರೂ ಬಿಡದೆ ಇಳಿದು ಬರುತ್ತಿದ್ದ.

ಈಗ ಪ್ರಶ್ನೆಗೆ ಬರೋಣ. ದೊಡ್ಡ ನೋವನ್ನು ಕೊಡಲು ಹೊರಟವನಿಗೆ ಸಣ್ಣ ನೋವಿನ ಬಗ್ಗೆ ಕಾಳಜಿ ಇದ್ದರೆ ಅದು ಬೂಟಾಟಿಕೆಯೇ?

ಹೌದು ಅನ್ನೋದು ಸುಲಭ, ನಾನೂ ಹಾಗೇ ಅಂದುಕೊಂಡೇ ನಕ್ಕಿದ್ದು. ಆದರೆ ಆ ವಾದವನ್ನು ಸ್ವಲ್ಪ ಮುಂದಕ್ಕೆ ಎಳೆದು ನೋಡಿ. ಹೇಗೂ ಕೊಲ್ಲುತ್ತೀಯ, ಇನ್ನು ಮರ ಏನು, ಮಣ್ಣು ಏನು, ಜಿಂಕೆ ಎಷ್ಟು ಹೊತ್ತು ನರಳಿದರೇನು? ಒಂದು ತಪ್ಪು ಮಿಕ್ಕ ಎಲ್ಲಕ್ಕೂ ಪರವಾನಗಿ ಆಗಿಬಿಡುತ್ತದೆ. ಬೇಟೆ ಸರಿಯೋ ತಪ್ಪೋ, ನನಗೆ ಇನ್ನೂ ತೀರ್ಮಾನ ಇಲ್ಲ. ಈ ರಾಜ್ಯದಲ್ಲಿ ವರ್ಷಕ್ಕೆ 50,000ಕ್ಕೂ ಹೆಚ್ಚು ಸಲ ವಾಹನಗಳಿಗೆ ಜಿಂಕೆ ಡಿಕ್ಕಿಯಾಗುತ್ತದೆ. ಜಿಂಕೆಗಳ ಸಂಖ್ಯೆ ಹಿಡಿತದಲ್ಲಿರಲಿ ಅಂತಲೇ ಬೇಟೆಗೆ ಲೈಸೆನ್ಸ್ ಕೊಡುತ್ತಾರೆ. ಅಂಗಡಿಯಿಂದ ಚಿಕನ್ ತಂದು ತಿನ್ನೋ ನಾನು ಯಾವ ಬಾಯಲ್ಲಿ ತೀರ್ಪು ಕೊಡಲಿ? ಆದರೆ ಇಷ್ಟು ಗೊತ್ತಾಯ್ತು: ಅನಿವಾರ್ಯ ಅಂದುಕೊಂಡ ನೋವಿಗೆ ನಮ್ಮ ಹತ್ತಿರ ಒಂದು ಕಾರಣವಾದರೂ ಇರುತ್ತದೆ. ಅನುಕೂಲಕ್ಕೆ ಮಾಡಿದ ನೋವಿಗೆ ಅದೂ ಇರುವುದಿಲ್ಲ. ಹಾಗಂತ ಮರ ಉಳಿಸಿದ್ದಕ್ಕೆ ಜಿಂಕೆಯ ಸಾವು ಹಗುರಾಗೋದೂ ಇಲ್ಲ. ಎರಡೂ ಬೇರೆ ಬೇರೆ ಲೆಕ್ಕ.

ಅವರೇ ಇನ್ನೊಂದು ವಿಷಯ ಹೇಳಿದ್ದರು. ಮೇಲೆ ಹೋದಷ್ಟೂ ಜಿಂಕೆಯ ಕಣ್ಣಿಗೆ ಬೀಳೋದು ಕಡಿಮೆ. ಆದರೆ ಬಾಣದ ಕೋನ ಕಡಿದಾಗುತ್ತದೆ. ಎರಡೂ ಶ್ವಾಸಕೋಶ ದಾಟಬೇಕಾದ ಬಾಣ ಒಂದಕ್ಕೆ ಮಾತ್ರ ತಗಲಬಹುದು. ಆಗ ಜಿಂಕೆ ಬಹಳ ದೂರ ಓಡಿ ಎಲ್ಲೋ ನರಳುತ್ತದೆ. "ಅದಕ್ಕೇ ನಾನು ತುಂಬ ಎತ್ತರ ಹೋಗಲ್ಲ. ಕಾಣದ ಹಾಗೆ ಕೂತಷ್ಟೂ ಗುರಿ ಕೆಡುತ್ತೆ" ಅಂದಿದ್ದರು.

ಅವರಿಗೆ ಗೊತ್ತಿರಲಿಲ್ಲ, ಆ ಮಾತು ಎಲ್ಲಿ ತಾಗಿತು ಅಂತ. ಅದಕ್ಕೆ ಎರಡು ತಿಂಗಳ ಹಿಂದೆ ನಮ್ಮ ಕಂಪನಿಯಲ್ಲಿ ಹದಿನಾಲ್ಕು ಜನರ ನನ್ನ ಟೀಮಿನಿಂದ ನಾಲ್ಕು ಹೆಸರು ಕೇಳಿದ್ದರು. ಕೊಟ್ಟೆ. ಕೊಡದಿದ್ದರೆ ಬೇರೆ ಯಾರೋ ಕೊಡುತ್ತಿದ್ದರು, ಅದು ನಿಜ. ಬೆಳಿಗ್ಗೆ 9ಕ್ಕೆ ಅವರ ಲ್ಯಾಪ್‌ಟಾಪ್ ಬಂದ್ ಆಗುತ್ತೆ, ಮೇಲ್ ತಾನಾಗಿ ಹೋಗುತ್ತೆ, ನೀವು ಮಾತಾಡೋ ಅಗತ್ಯ ಇಲ್ಲ ಅಂದರು. ಅಗತ್ಯ ಇಲ್ಲ ಅಂದಿದ್ದರೇ ಹೊರತು ಮಾತಾಡಬೇಡಿ ಅಂದಿರಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಆ ನಾಲ್ವರಲ್ಲಿ ಒಬ್ಬ ದಾವಣಗೆರೆಯ ಹುಡುಗ, ನನ್ನನ್ನು ಅಣ್ಣ ಅಂತ ಕರೆಯುತ್ತಿದ್ದ. ಎಚ್-1ಬಿ ವೀಸಾದವನು. ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳೋಕೆ ಅವನಿಗಿದ್ದದ್ದು ಹೆಚ್ಚೆಂದರೆ 60 ದಿನ. ಆ ಬೆಳಿಗ್ಗೆ ಅವನ ಫೋನ್ ಬಂತು. ನಾನು ಎತ್ತಲಿಲ್ಲ.

ಕೆಲಸ ಕಳೆಯೋದು ನನ್ನ ಕೈಯಲ್ಲಿರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಫೋನ್ ಎತ್ತದೇ ಇದ್ದದ್ದು? ಅದು ನಾನು ತಿರುಪಿ ಇಳಿಸಿದ ಮೊಳೆ. ನನ್ನ ಅನುಕೂಲಕ್ಕೆ.

ಅಕ್ಟೋಬರಿನಲ್ಲಿ ಒಂದು ರಾತ್ರಿ ಧೈರ್ಯ ಮಾಡಿ ಅವನಿಗೆ ಫೋನ್ ಮಾಡಿದೆ. ಬೆಂಗಳೂರಿಗೆ ವಾಪಸಾಗಿದ್ದ, ಕೆಲಸ ಸಿಕ್ಕಿತ್ತು. ಆ ಹೆಸರು ಕೊಟ್ಟವನು ನಾನೇ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಅವತ್ತು ಬೆಳಿಗ್ಗೆ ನಾನು ಫೋನ್ ಮಾಡಿದ್ದು ಬೈಯೋಕಲ್ಲ ಅಣ್ಣ. ನಿಮ್ಮ ಹೆಸರೂ ಲಿಸ್ಟಲ್ಲಿ ಇದೆಯೇನೋ ಅಂತ ಗಾಬರಿಯಾಗಿತ್ತು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಷಮಿಸು ಅಂದೆ. ಅವನು "ಸರಿ, ಮಲಗಿ, ನಿಮಗೆ ತಡವಾಯ್ತು" ಅಂದು ಇಟ್ಟ. ಆಮೇಲೆ ಅವನು ನನಗೆ ಫೋನ್ ಮಾಡಿಲ್ಲ. ಮಾಡಬೇಕು ಅಂತಲೂ ಇಲ್ಲ.

ಇಲ್ಲಿನ ಸರ್ಕಾರಿ ಕಾಡಿನಲ್ಲಿ ಇನ್ನೊಂದು ನಿಯಮವಿದೆ. ಮರಕ್ಕೆ ಕಟ್ಟಿದ ಅಟ್ಟಣೆ ಯಾರದ್ದು ಅನ್ನೋದನ್ನು ನೆಲದ ಮೇಲೆ ನಿಂತವರಿಗೂ ಓದೋಕೆ ಆಗೋ ಹಾಗೆ ಅದರ ಮೇಲೆ ಬರೆದಿರಬೇಕು. ಯಜಮಾನರು ಅವತ್ತು ಎಲ್ಲ ಜೋಡಿಸಿಟ್ಟ ಮೇಲೆ ಕಡೆಯಲ್ಲಿ ಮಾರ್ಕರ್ ತೆಗೆದು, ಮಾಸಿದ್ದ ತಮ್ಮ ಹೆಸರನ್ನು ಮತ್ತೆ ತಿದ್ದಿ ಬರೆಯುತ್ತಿದ್ದರು. ದಪ್ಪ ಅಕ್ಷರಗಳಲ್ಲಿ, ನಿಧಾನವಾಗಿ.