ಪರದೇಶದ ಸೇವೆ, ಪರಗೃಹದ ಅನ್ನ

ಕೊಡುವವನು ದೊಡ್ಡವನು, ಪಡೆಯುವವನು ಚಿಕ್ಕವನು ಎಂಬ ಭಾವನೆ ಲೋಕದಲ್ಲಿ ರೂಢವಾಗಿದೆ. ಧರ್ಮಶಾಲೆಯ ಗೋಡೆಯ ಮೇಲೆ ಅದನ್ನು ಕಟ್ಟಿಸಿದವರ ಹೆಸರಿರುತ್ತದೆ; ಅಲ್ಲಿ ತಂಗಿ ಹೋದವರ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ. ಆದರೆ ಜೈನ ಗೃಹಸ್ಥನ ಆಚಾರದಲ್ಲಿ ಈ ಕ್ರಮವು ತಿರುಗುಮುರುಗಾಗಿದೆ. ಆಹಾರಕ್ಕೆ ಬಂದ ಮುನಿಗಳನ್ನು ಶ್ರಾವಕನು ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುತ್ತಾನೆ. ಉಚ್ಚಾಸನವಿತ್ತು, ಪಾದಪ್ರಕ್ಷಾಳನ ಮಾಡಿ, ನಮಸ್ಕರಿಸಿದ ಮೇಲೆಯೇ ಆಹಾರ ನೀಡುತ್ತಾನೆ. ಇಲ್ಲಿ ಕೈಯೊಡ್ಡುವವರು ಪೂಜ್ಯರು, ನೀಡುವವನು ಪೂಜಕ. ಸರಿಯಾದ ರೀತಿಯಲ್ಲಿ ಪಡೆಯುವುದೂ ಒಂದು ಸಾಧನೆ, ಪ್ರಾಯಶಃ ಕೊಡುವುದಕ್ಕಿಂತಲೂ ಕಠಿಣವಾದ ಸಾಧನೆ ಎಂಬ ಅರಿವು ಈ ಆಚಾರದ ಹಿಂದಿದೆ. ಸೇವೆ ಮಾಡಲೆಂದು ಪರದೇಶಕ್ಕೆ ಹೊರಡುವ ಸಮಾಜದ ಯುವಜನರಿಗೂ ಅವರನ್ನು ಕಳುಹಿಸಿಕೊಡುವ ಹಿರಿಯರಿಗೂ ಈ ಅರಿವು ಇಂದು ಬಹಳ ಅಗತ್ಯವಾಗಿದೆ.

ವಿದ್ಯಾಭ್ಯಾಸದ ನಡುವೆ ಅಥವಾ ಅದನ್ನು ಮುಗಿಸಿದ ಮೇಲೆ ಕೆಲವು ವಾರಗಳನ್ನೋ ತಿಂಗಳುಗಳನ್ನೋ ಪರದೇಶದ ಸ್ವಯಂಸೇವೆಗೆ ಮೀಸಲಿಡುವ ಪದ್ಧತಿ ಈಗ ಅಪರೂಪವಲ್ಲ. ಹೀಗೆ ಸ್ಪೇನ್ ದೇಶಕ್ಕೆ ಹೋದವರು ಮಕ್ಕಳ ಬೇಸಿಗೆ ಶಿಬಿರದಲ್ಲಿ ಇಂಗ್ಲಿಷ್ ಸಂಭಾಷಣೆ ಕಲಿಸಬಹುದು, ವೃದ್ಧರ ಜೊತೆಗೆ ಕಾಲ ಕಳೆಯಬಹುದು, ಆಹಾರ ಹಂಚುವ ಕೇಂದ್ರದಲ್ಲಿ ಧಾನ್ಯ ವಿಂಗಡಿಸಬಹುದು. ವಾಸವು ಅನೇಕ ವೇಳೆ ಅಲ್ಲಿಯ ಒಂದು ಕುಟುಂಬದ ಮನೆಯಲ್ಲಿ. ಹಗಲಿಡೀ ಸೇವಕನಾಗಿ ದುಡಿದವನು ಸಂಜೆ ಆ ಮನೆಯ ಅತಿಥಿಯಾಗುತ್ತಾನೆ. ಶ್ರಾವಕನ ಮನೆಯಲ್ಲಿ ಬೆಳೆದವನಿಗೆ ನಿಜವಾದ ಪರೀಕ್ಷೆ ಎದುರಾಗುವುದು ಶಿಬಿರದಲ್ಲಲ್ಲ, ಆ ಮನೆಯ ಊಟದ ಮೇಜಿನ ಮುಂದೆ.

ಅದಕ್ಕೂ ಮೊದಲು, ಹೋಗುವುದೇ ಸರಿಯೇ ಎಂಬ ಪ್ರಶ್ನೆಯೊಂದಿದೆ. ಶ್ರಾವಕನ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿ ಇಂತಿಷ್ಟು ದೂರಕ್ಕಿಂತ ಆಚೆ ಹೋಗೆನೆಂದು ಎಲ್ಲೆ ಹಾಕಿಕೊಳ್ಳುವ ವ್ರತವಿದು. ಮನುಷ್ಯನು ಎಲ್ಲಿಗೆ ಹೋದರೂ ಅವನ ಜೊತೆಗೆ ಆರಂಭ ಪರಿಗ್ರಹಗಳೂ ಹೋಗುತ್ತವೆ ಎಂಬುದು ಇದರ ತಾತ್ಪರ್ಯ. ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವ ಅನರ್ಥದಂಡವ್ರತವೂ ಇದರೊಂದಿಗೆ ಸೇರುತ್ತದೆ. ಸಾವಿರಾರು ಮೈಲಿ ವಿಮಾನದಲ್ಲಿ ಹಾರುವುದು ಹಿಂಸಾರಹಿತವಾದ ಕ್ರಿಯೆಯಲ್ಲ. ಒಂದು ಪ್ರಮಾಣಪತ್ರಕ್ಕಾಗಿ, ನಾಲ್ಕು ಭಾವಚಿತ್ರಗಳಿಗಾಗಿ, ಉದ್ಯೋಗದ ಅರ್ಜಿಯಲ್ಲಿ ಬರೆಯಲು ಒಂದು ಸಾಲಿಗಾಗಿ ಕೈಗೊಂಡ ಪ್ರವಾಸಕ್ಕೆ ಸೇವೆಯೆಂಬ ಹೆಸರನ್ನಿಟ್ಟರೂ ಅದು ಅನರ್ಥದಂಡವೇ. ಕಲಿಯುವ ಮತ್ತು ದುಡಿಯುವ ಮನಸ್ಸಿದ್ದು, ಅಲ್ಲಿಯವರಿಗೆ ನಿಜವಾಗಿ ಬೇಕಾದ ಕೆಲಸವೊಂದಿದ್ದರೆ ಅದಕ್ಕೆ ಅರ್ಥವುಂಟು. ಈ ಭೇದವನ್ನು ಹೊರಗಿನವರು ಹೇಳಲಾರರು. ಹೊರಡುವವನು ತನ್ನನ್ನೇ ಕೇಳಿಕೊಳ್ಳಬೇಕು.

ಉದ್ಧರಿಸಲು ಹೋಗುತ್ತಿದ್ದೇನೆಂಬ ಭಾವವನ್ನೂ ಮನೆಯಲ್ಲೇ ಬಿಟ್ಟು ಹೊರಡುವುದು ಲೇಸು. ಸೇವಾಧರ್ಮವು ಸ್ಪೇನಿಗೆ ಹೊಸತಲ್ಲ. ಆ ದೇಶದ ಮೊದಲ ಆಹಾರ ಸಂಗ್ರಹ ಕೇಂದ್ರವು ೧೯೮೭ರಲ್ಲಿ ಬಾರ್ಸಿಲೋನಾ ನಗರದಲ್ಲಿ ಆರಂಭವಾಯಿತು. ಸ್ವಯಂಸೇವೆಗೆಂದೇ ೧೯೯೬ರಲ್ಲಿ ಅಲ್ಲಿ ಒಂದು ಕಾಯಿದೆ ಬಂದಿತು. ೨೦೧೫ರಲ್ಲಿ ಅದರ ಸ್ಥಾನಕ್ಕೆ ಹೊಸ ಕಾಯಿದೆ ಬಂದಿತು. ಸ್ವಯಂಸೇವಕರು ದೊರೆತರೆಂಬ ಕಾರಣದಿಂದ ದುಡಿಯುವ ನೌಕರನನ್ನು ಕೆಲಸದಿಂದ ತೆಗೆಯಬಾರದೆಂಬ ನಿಯಮ ಅದರಲ್ಲಿದೆ. ಮಕ್ಕಳ ನಡುವೆ ಕೆಲಸ ಮಾಡುವವನು ಲೈಂಗಿಕ ಅಪರಾಧಗಳಿಗಾಗಿ ಶಿಕ್ಷೆಗೊಳಗಾಗಿಲ್ಲವೆಂಬ ಪತ್ರವನ್ನು ಒಪ್ಪಿಸಬೇಕೆಂಬ ನಿಯಮವೂ ಇದೆ. ಸದ್ಭಾವನೆಯಿಂದ ಮಾಡಿದ ಕೆಲಸವೂ ಪರರಿಗೆ ಕೇಡಾಗಬಹುದೆಂಬ ಎಚ್ಚರ ಇವುಗಳ ಹಿಂದಿದೆ. ೨೦೨೪ರ ಅಕ್ಟೋಬರ್ ೨೯ರಂದು ವೆಲೆನ್ಸಿಯಾ ಪ್ರಾಂತದಲ್ಲಿ ಭೀಕರ ಪ್ರವಾಹವುಂಟಾಗಿ ೨೦೦ಕ್ಕೂ ಹೆಚ್ಚು ಜನರು ಮಡಿದರು. ಆಗ ಸಹಸ್ರಾರು ಜನರು ಪೊರಕೆ, ಸಲಿಕೆ, ನೀರಿನ ಡಬ್ಬಿಗಳನ್ನು ಹಿಡಿದು ನಗರದಿಂದ ಸೇತುವೆ ದಾಟಿ ಕಾಲ್ನಡಿಗೆಯಲ್ಲಿ ಹೋಗಿ ಅಪರಿಚಿತರ ಮನೆಗಳ ಕೆಸರನ್ನು ತೆಗೆದರು. ಆ ಬಗೆಯ ಬಿರುಮಳೆಯನ್ನು ಅಲ್ಲಿಯ ಭಾಷೆಯಲ್ಲಿ ಕರೆಯುವ ಸಂಕ್ಷಿಪ್ತ ನಾಮ ‘ದಾನಾ’ ಎಂದು. ಶಬ್ದದ ಸಾಮ್ಯ ಆಕಸ್ಮಿಕ. ಆದರೆ ಆ ಸೇತುವೆಯ ಮೇಲೆ ನಡೆದವರು ಮಾಡಿದ್ದು ದಾನವೆಂದರೆ ತಪ್ಪಾಗದು.

ಇನ್ನು ಊಟದ ಮೇಜಿನ ವಿಷಯ. ಸ್ಪೇನಿನ ಅಡುಗೆಮನೆಯಲ್ಲಿ ಶ್ರಾವಕನಿಗೆ ಒಗ್ಗುವ ಪದಾರ್ಥಗಳಿಗೆ ಕೊರತೆಯಿಲ್ಲ. ಕಡಲೆ, ಮಸೂರ, ಬಿಳಿ ಅವರೆ, ಬಾದಾಮಿ, ಕಿತ್ತಳೆ, ಟೊಮೆಟೊ ಎಲ್ಲವೂ ಅಲ್ಲಿಯ ನಿತ್ಯದ ಆಹಾರ. ಜಗತ್ತಿನಲ್ಲೇ ಅತಿ ಹೆಚ್ಚು ಆಲಿವ್ ಎಣ್ಣೆಯನ್ನು ಉತ್ಪಾದಿಸುವ ದೇಶವದು. ಆದರೆ ಮಸೂರದ ಸಾರಿಗೆ ಚೊರಿಸೊ ಎಂಬ ಮಾಂಸದ ತುಂಡುಗಳನ್ನು ಹಾಕಿ ಕುದಿಸುವುದು ಅಲ್ಲಿಯ ರೂಢಿ. ಅತಿಥಿಗೆಂದು ಪ್ರೀತಿಯಿಂದ ಮಾಡುವ ಟೋರ್ಟಿಯಾ ಎಂಬ ಭಕ್ಷ್ಯದಲ್ಲಿ ಮೊಟ್ಟೆಯೂ ಆಲೂಗಡ್ಡೆಯೂ ಕೂಡಿರುತ್ತವೆ, ಬಹಳ ಮನೆಗಳಲ್ಲಿ ಈರುಳ್ಳಿಯೂ ಸೇರುತ್ತದೆ. ಮಾಂಸ ಬೇಡವೆಂದು ಹೇಳಿದರೆ ಮೀನನ್ನೋ ಒಣಗಿಸಿದ ಹಂದಿಮಾಂಸದ ತೆಳು ಪದರವನ್ನೋ ಬಡಿಸಿದ ಪ್ರಸಂಗಗಳುಂಟು. ಅದರಲ್ಲಿ ವಂಚನೆಯಿಲ್ಲ, ‘ಮಾಂಸ’ ಎಂಬ ಶಬ್ದದ ವ್ಯಾಪ್ತಿ ಅಲ್ಲಿ ಬೇರೆ ಅಷ್ಟೆ.

ಹೊತ್ತಿನ ಸಮಸ್ಯೆಯೂ ಸಣ್ಣದಲ್ಲ. ಅಲ್ಲಿ ಮಧ್ಯಾಹ್ನದ ಊಟ ಎರಡು ಮೂರು ಗಂಟೆಗೆ, ರಾತ್ರಿಯ ಊಟ ಒಂಬತ್ತು ಹತ್ತಕ್ಕೆ. ೧೯೪೦ರಲ್ಲಿ ಆ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದರು. ಅದನ್ನು ಮತ್ತೆ ಹಿಂದಿನ ಕ್ರಮಕ್ಕೆ ತರಲಿಲ್ಲ. ಇದರಿಂದ ಮ್ಯಾಡ್ರಿಡ್ ನಗರದಲ್ಲಿ ಜೂನ್ ತಿಂಗಳ ಕೊನೆಯಲ್ಲಿ ಸೂರ್ಯಾಸ್ತವಾಗುವುದು ಗಡಿಯಾರದ ಲೆಕ್ಕಕ್ಕೆ ಸುಮಾರು ೯.೪೫ಕ್ಕೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ ೪೮ ನಿಮಿಷ, ಮೊದಲೇ ಊಟ ಮುಗಿಸುವ ನಿಯಮವುಳ್ಳವನೂ ಒಂಬತ್ತರ ಒಳಗೆ ಉಣ್ಣಬಹುದು. ಆದರೆ ಡಿಸೆಂಬರ್‌ನಲ್ಲಿ ಆರು ಗಂಟೆಗೆ ಮೊದಲೇ ಸೂರ್ಯನು ಮುಳುಗುತ್ತಾನೆ. ಮನೆಯವರ ಊಟಕ್ಕೆ ಆಗ ಇನ್ನೂ ಮೂರು ನಾಲ್ಕು ಗಂಟೆ ಬಾಕಿ. ಬೇಸಿಗೆಯಲ್ಲಿ ಸುಲಭವಾದ ವ್ರತವು ಚಳಿಗಾಲದಲ್ಲಿ ಕಠಿಣವಾಗುತ್ತದೆ. ವ್ರತವು ಗಡಿಯಾರವನ್ನಲ್ಲ, ಸೂರ್ಯನನ್ನು ನೋಡುತ್ತದೆ.

ಮನೆಯೊಡತಿ ಶ್ರಮಪಟ್ಟು ಮಾಡಿದ ಭಕ್ಷ್ಯವು ತಟ್ಟೆಗೆ ಬಂದಾಗ ಯುವಕನ ಮುಂದೆ ಮೂರು ಸುಲಭ ಮಾರ್ಗಗಳಿವೆ. ದಾಕ್ಷಿಣ್ಯಕ್ಕೆ ಸಿಕ್ಕಿ ತಿಂದುಬಿಡುವುದು ಒಂದು, ಅದು ವ್ರತಭಂಗ. ಹೊಟ್ಟೆನೋವೆಂದೋ ಹಸಿವಿಲ್ಲವೆಂದೋ ಹೇಳುವುದು ಇನ್ನೊಂದು. ಅದು ಅಸತ್ಯ, ಮಾತ್ರವಲ್ಲ, ಮರುದಿನವೂ ಅದನ್ನೇ ಹೇಳಬೇಕಾಗುತ್ತದೆ. ಮುಖ ಸಿಂಡರಿಸಿ ತಟ್ಟೆಯನ್ನು ಸರಿಸುವುದು ಮೂರನೆಯದು, ಅದು ಭಾವಹಿಂಸೆ. ಒಂದು ವ್ರತವನ್ನು ಉಳಿಸಲು ಇನ್ನೊಂದನ್ನು ಮುರಿದವನು ಯಾವುದನ್ನೂ ಉಳಿಸಿಕೊಂಡಂತಾಗದು.

ಮುನಿಗಳ ಆದರ್ಶವನ್ನು ಇಲ್ಲಿ ನೇರವಾಗಿ ಅನುಸರಿಸುವಂತಿಲ್ಲ. ಅವರು ದಿನಕ್ಕೊಮ್ಮೆ ಬಂದು, ವಿಧಿ ಕೂಡದಿದ್ದರೆ ಅಥವಾ ಅಂತರಾಯವಾದರೆ ಮೌನವಾಗಿ ಹಿಂದಿರುಗುತ್ತಾರೆ. ಲಾಭ ಅಲಾಭಗಳಲ್ಲಿ ಅವರಿಗೆ ಸಮಭಾವ. ತಿಂಗಳುಗಟ್ಟಲೆ ಒಂದೇ ಮನೆಯಲ್ಲಿರುವ ಗೃಹಸ್ಥನು ಮೌನವಾಗಿ ಎದ್ದು ಹೋದರೆ ಅದು ಸಮಭಾವವೆನಿಸದು, ತಿರಸ್ಕಾರವೆನಿಸುತ್ತದೆ. ಆದರೆ ಆ ಚರ್ಯೆಗೆ ‘ಭ್ರಾಮರಿ’ ಎಂಬ ಹೆಸರಿದೆಯಷ್ಟೆ. ಭ್ರಮರವು ಹೂವಿಗೆ ನೋವಾಗದಂತೆ ರಸವನ್ನು ಕೊಳ್ಳುವ ಹಾಗೆ, ಕೊಡುವವನಿಗೆ ಭಾರವಾಗದಂತೆ ಪಡೆಯಬೇಕೆಂಬುದು ಅದರ ಅರ್ಥ. ಗೃಹಸ್ಥನು ಇಷ್ಟನ್ನು ಖಂಡಿತವಾಗಿ ಕಲಿಯಬಹುದು.

ಹಾಗೆ ನೋಡಿದರೆ ನಾಲ್ಕನೆಯ ಮಾರ್ಗವೊಂದು ಕಾಣುತ್ತದೆ: ಹೇಳಬೇಕಾದುದನ್ನು ತಟ್ಟೆಯ ಮುಂದೆ ಹೇಳದೆ, ಹೊರಡುವ ಮೊದಲೇ ಹೇಳುವುದು. ಸಸ್ಯಾಹಾರಿ ಎಂಬ ಒಂದು ಶಬ್ದದಿಂದ ಕೆಲಸವಾಗದು. ಮಾಂಸ, ಮೀನು, ಮೊಟ್ಟೆ, ಜೇನು, ಮದ್ಯ, ಮಾಂಸದ ಸಾರು, ನೆಲದೊಳಗಿನ ಗಡ್ಡೆಗಳು ಎಂದು ಒಂದೊಂದನ್ನೂ ಹೆಸರಿಸಿ, ಊಟದ ಹೊತ್ತನ್ನೂ ತಿಳಿಸಿ, ಇಂಥ ಅತಿಥಿ ನಿಮಗೆ ಒಪ್ಪಿಗೆಯೇ ಎಂದು ಆ ಕುಟುಂಬವನ್ನು ಕೇಳಬೇಕು. ಇಲ್ಲವೆನ್ನುವ ಸ್ವಾತಂತ್ರ್ಯ ಅವರಿಗಿರಬೇಕು. ತಿನ್ನಲಾಗದುದರ ಪಟ್ಟಿಯ ಜೊತೆಗೆ ತಿನ್ನಬಹುದಾದುದರ ಪಟ್ಟಿಯನ್ನೂ ಕೊಟ್ಟು, ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳಲು ಸಿದ್ಧನೆಂದರೆ ಹಿತ, ಮಿತ, ಪ್ರಿಯ ವಚನದ ಲಕ್ಷಣಗಳು ಮೂರೂ ಕೂಡಿದಂತಾಯಿತು. ಮಾಂಸ ಬೇಯಿಸಿದ ಪಾತ್ರೆ ಇರುವ ಅಡುಗೆಮನೆಯ ಅನ್ನವೇ ಸಲ್ಲದೆಂಬ ನಿಯಮವುಳ್ಳವನು ಆ ಮನೆಗೆ ಹೋಗದಿರುವುದೇ ಪ್ರಾಮಾಣಿಕತೆ. ಅದರಲ್ಲಿ ನಾಚಿಕೆಯೇನೂ ಇಲ್ಲ. ಸೇವೆಗೆ ಬೇರೆ ಕ್ಷೇತ್ರಗಳುಂಟು.

ಇಷ್ಟೆಲ್ಲ ಎಚ್ಚರ ವಹಿಸಿದರೂ ತಪ್ಪು ನಡೆಯಬಹುದು. ಸಾರಿಗೆ ಮಾಂಸದ ರಸ ಸೇರಿತ್ತೆಂದು ಊಟವಾದ ಮೇಲೆ ತಿಳಿಯಬಹುದು. ಪ್ರಮಾದವೇ ಹಿಂಸೆಯ ಮೂಲವೆಂದು ತತ್ತ್ವಾರ್ಥಸೂತ್ರವು ಬೋಧಿಸುತ್ತದೆ. ವಿಚಾರಿಸದೆ ಉಂಡಿದ್ದರೆ ಪ್ರಮಾದವು ಉಂಡವನದು; ಅವನು ಪ್ರತಿಕ್ರಮಣ ಮಾಡಿಕೊಳ್ಳಬೇಕು. ಬಡಿಸಿದವಳ ಮೇಲೆ ಕೋಪಿಸಿದರೆ ಅರಿಯದೆ ಆದ ದೋಷಕ್ಕೆ ಅರಿತು ಮಾಡಿದ ಕಷಾಯವೊಂದು ಸೇರುತ್ತದೆ.

ಆತಿಥೇಯ ಕುಟುಂಬದ ಕಡೆಯಿಂದಲೂ ನೋಡುವುದು ಅನೇಕಾಂತದ ಧರ್ಮ. ಅವರಿಗೆ ತಟ್ಟೆಯಲ್ಲಿರುವುದು ಮೊಟ್ಟೆ ಆಲೂಗಡ್ಡೆಗಳಲ್ಲ, ತಾಯಿಯಿಂದ ಕಲಿತ ವಿದ್ಯೆ, ಬಂದವನ ಮೇಲಿನ ವಿಶ್ವಾಸ. ಅದನ್ನು ನಿರಾಕರಿಸಿದಾಗ ತಮ್ಮನ್ನೇ ನಿರಾಕರಿಸಿದಂತೆ ಅವರಿಗೆ ಅನಿಸಿದರೆ ಆಶ್ಚರ್ಯವಿಲ್ಲ. ವ್ಯವಸ್ಥಾಪಕರಿಂದ ಅವರಿಗೆ ಹಣ ಸಲ್ಲುತ್ತದೆಯಲ್ಲ, ಇದರಲ್ಲಿ ದಾನವೆಲ್ಲಿಂದ ಬಂತು ಎಂದು ಕೆಲವರು ಕೇಳುವುದುಂಟು. ಕೆಲವೆಡೆ ಸಲ್ಲುವುದು ನಿಜ. ಆದರೆ ಆ ಹಣ ಕೋಣೆಗೆ ಮತ್ತು ಧಾನ್ಯಕ್ಕೆ ಸಲ್ಲುತ್ತದೆ. ಹೊಸದೊಂದು ಬಾಣಲೆಯನ್ನು ತಂದು ಬೇರೆ ಇಟ್ಟದ್ದಕ್ಕೆ, ಚಳಿಗಾಲದಲ್ಲಿ ಐದು ಗಂಟೆಗೇ ಒಬ್ಬನಿಗಾಗಿ ಒಲೆ ಹಚ್ಚಿದ್ದಕ್ಕೆ, ಅಂಗಡಿಯಲ್ಲಿ ಪ್ರತಿ ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿದ್ದಕ್ಕೆ ಯಾವ ಹಣವೂ ಸಲ್ಲುವುದಿಲ್ಲ. ಹಣ ಮುಗಿದ ಮೇಲೆ ಉಳಿಯುವ ಭಾಗವೇ ದಾನ.

ಊಟ ಮುಗಿದ ಬಳಿಕ ಮೇಜಿನ ಸುತ್ತಲೇ ಕುಳಿತು ಮಾತನಾಡುವ ಪದ್ಧತಿ ಸ್ಪೇನಿನಲ್ಲಿದೆ. ಅದನ್ನು ‘ಸೋಬ್ರೆಮೆಸಾ’ ಎನ್ನುತ್ತಾರೆ. ಸೂರ್ಯಾಸ್ತಕ್ಕೆ ಮೊದಲೇ ಉಂಡವನು ಆ ಹೊತ್ತಿನಲ್ಲಿ ಕೋಣೆಯ ಬಾಗಿಲು ಹಾಕಿಕೊಳ್ಳಬೇಕಾದುದಿಲ್ಲ. ಒಂದು ಲೋಟ ನೀರನ್ನೂ ಮುಟ್ಟದೆ ಅವರ ನಡುವೆ ಕುಳಿತು, ಅಜ್ಜಿಯ ಕಥೆಯನ್ನು ಕೇಳಬಹುದು, ತಟ್ಟೆಗಳನ್ನು ತೊಳೆಯಲು ನೆರವಾಗಬಹುದು. ರಾತ್ರಿಭೋಜನತ್ಯಾಗವೆಂದರೆ ಭೋಜನದ ತ್ಯಾಗವೇ ಹೊರತು ಜನರ ತ್ಯಾಗವಲ್ಲ. ಹೀಗೆ ಕುಳಿತವನ ವ್ರತವನ್ನು ಆ ಮನೆಯವರು ಗೌರವಿಸುವ ಸಂಭವವೇ ಹೆಚ್ಚು.

ಈಗ ಮೂಲಪ್ರಶ್ನೆಗೆ ಬರಬಹುದು. ಶ್ರಾವಕನ ಶಿಕ್ಷಾವ್ರತಗಳಲ್ಲಿ ನಾಲ್ಕನೆಯದನ್ನು ತತ್ತ್ವಾರ್ಥಸೂತ್ರವು ಅತಿಥಿಸಂವಿಭಾಗವೆಂದು ಕರೆಯುತ್ತದೆ. ತನಗಿರುವುದರಲ್ಲಿ ಅತಿಥಿಗೆ ಪಾಲು ಕೊಡುವುದೆಂದು ಅರ್ಥ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅದೇ ಸ್ಥಾನದಲ್ಲಿ ವೈಯಾವೃತ್ಯವೆಂಬ ಹೆಸರಿದೆ. ಅದರ ಅರ್ಥ ಸೇವೆ. ಎರಡೂ ಮುಖ್ಯವಾಗಿ ಸತ್ಪಾತ್ರರಾದ ತ್ಯಾಗಿಗಳನ್ನು ಕುರಿತವು ಎಂಬುದನ್ನು ಮರೆಯಬಾರದು. ಲೋಕಸಾಮಾನ್ಯರ ನಡುವಿನ ಉಪಕಾರವು ಕರುಣಾದಾನದ ಕಕ್ಷೆಗೆ ಸೇರುತ್ತದೆ. ಆದರೂ ಆತಿಥ್ಯ ಮತ್ತು ಸೇವೆಗಳನ್ನು ಆಚಾರ್ಯರು ಒಂದೇ ಪೀಠದಲ್ಲಿ ಕುಳ್ಳಿರಿಸಿರುವುದು ಗಮನಾರ್ಹ. ಸ್ಪೇನಿನ ಆ ಮನೆಯಲ್ಲಿ ಒಡತಿ ಮಾಡುತ್ತಿರುವುದು ಒಂದರ ಛಾಯೆಯಾದರೆ, ಯುವಕನು ಹಗಲು ಮಾಡಿಬಂದಿರುವುದು ಇನ್ನೊಂದರ ಛಾಯೆ. ಇವರಲ್ಲಿ ಯಾರು ದಾತೃ, ಯಾರು ಪಾತ್ರ? ಜೀವಗಳು ಪರಸ್ಪರ ಉಪಕಾರಿಗಳೆಂಬ ಸೂತ್ರಕಾರರ ಮಾತು ಇದಕ್ಕೆ ಉತ್ತರವಾಗಿದೆ.

ಆ ದೇಶದಲ್ಲೇ ಇದಕ್ಕೊಂದು ಸುಂದರ ನಿದರ್ಶನವಿದೆ. ವಾಯವ್ಯದ ಸಾಂತಿಯಾಗೊ ಕ್ಷೇತ್ರಕ್ಕೆ ಶತಮಾನಗಳಿಂದ ಕ್ರೈಸ್ತ ಯಾತ್ರಿಕರು ನಡೆದು ಬರುತ್ತಾರೆ. ದಾರಿಯುದ್ದಕ್ಕೂ ಇರುವ ಯಾತ್ರಿನಿವಾಸಗಳಲ್ಲಿ ಕೆಲವಕ್ಕೆ ಗೊತ್ತಾದ ಬಾಡಿಗೆಯಿಲ್ಲ. ಪೆಟ್ಟಿಗೆಯೊಂದಿರುತ್ತದೆ, ಶಕ್ತ್ಯನುಸಾರ ಹಾಕಬೇಕು. ಗುಪ್ತದಾನದ ಮಹತ್ವವನ್ನು ಬಲ್ಲ ಬಸದಿಗಳ ಟ್ರಸ್ಟುಗಳಿಗೆ ಈ ಕ್ರಮ ಅಪರಿಚಿತವಲ್ಲ. ಅಲ್ಲಿ ಸಾಮಾನ್ಯವಾಗಿ ಎರಡೆರಡು ವಾರ ನಿಂತು ಗುಡಿಸಿ, ಅಡುಗೆ ಮಾಡಿ ಸೇವೆ ಸಲ್ಲಿಸುವ ಸ್ವಯಂಸೇವಕರು ಬಹುಮಟ್ಟಿಗೆ ಹಿಂದೊಮ್ಮೆ ತಾವೇ ಆ ದಾರಿಯಲ್ಲಿ ನಡೆದು, ಇತರರ ಉಪಚಾರವನ್ನು ಪಡೆದವರು. ಬಳಲಿದ ಕಾಲಿಗೆ ಏನು ಬೇಕೆಂಬುದನ್ನು ಅವರು ಪಡೆದು ಕಲಿತು, ಅನಂತರ ಕೊಡುತ್ತಾರೆ.

ಆದ್ದರಿಂದ ಪರದೇಶಕ್ಕೆ ಹೋಗುವ ಮಗನಿಗೋ ಮಗಳಿಗೋ ಹಿರಿಯರು ಹೇಳಬೇಕಾದ ಮಾತು ‘ಒಳ್ಳೆಯ ಸೇವೆ ಮಾಡಿ ಬಾ’ ಎಂಬುದಷ್ಟೇ ಅಲ್ಲ, ‘ಒಳ್ಳೆಯ ಅತಿಥಿಯಾಗಿ ಬಾ’ ಎಂಬುದೂ ಆಗಿದೆ. ಹೋಗಿಬಂದವರನ್ನು ಸನ್ಮಾನಿಸುವ ಟ್ರಸ್ಟುಗಳು ಅವರು ಎಷ್ಟು ದಿನ ದುಡಿದರೆಂದು ಕೇಳುವುದರ ಜೊತೆಗೆ, ಯಾರ ಮನೆಯಲ್ಲಿ ಉಂಡರು, ಆ ಮನೆಯವರಿಗೆ ಇಂದಿಗೂ ಪತ್ರ ಬರೆಯುತ್ತಾರೆಯೇ ಎಂದೂ ಕೇಳಲಿ. ಮುಂದೊಂದು ದಿನ ಆ ದೂರದೇಶದ ಕುಟುಂಬದವರು ಶ್ರವಣಬೆಳಗೊಳವನ್ನು ನೋಡಲು ಬಂದು, ಹೊತ್ತು ಮುಳುಗಿದ ಮೇಲೆ ಹಸಿದು ಬಾಗಿಲಲ್ಲಿ ನಿಲ್ಲಬಹುದು. ಆಗ ಆ ಮನೆಯು ತನ್ನ ವ್ರತವನ್ನೂ ಬಿಡದೆ, ಅತಿಥಿಯ ಹಸಿವನ್ನೂ ಮರೆಯದೆ ನಡೆದುಕೊಳ್ಳುವ ಬಗೆಯಲ್ಲೇ ಯುವಕನು ಪರದೇಶದಲ್ಲಿ ಕಲಿತ ಪಾಠವೇನೆಂಬುದು ತಿಳಿಯುತ್ತದೆ.