ಹೆಸರು ಕೇಳುವ ಮುನ್ನ ಹುಟ್ಟು ಕೇಳುವವರು



ತಾಯಲೂರಿನಲ್ಲಿ ಬಸ್ಸಿಗಾಗಿ ಕಾದು ನಿಂತಿರುವ ಒಂದು ಕುಟುಂಬವನ್ನು ಕಣ್ಮುಂದೆ ತಂದುಕೊಳ್ಳಿ. ತಾಯಿ ಈ ಕಡೆಯವಳೇ, ಎಣ್ಣೆಗಪ್ಪು ಮೈಬಣ್ಣ. ತಂದೆ ಕೆ.ಜಿ.ಎಫ್.ನ ಆಂಗ್ಲೋ ಇಂಡಿಯನ್ ಮನೆತನದವನು. ಜೊತೆಯಲ್ಲಿ ಆರು ವರ್ಷದ ಮಗಳು. ಕೆಂಚುಗೂದಲು, ಬೆಕ್ಕಿನ ಕಣ್ಣು. ಪಕ್ಕದಲ್ಲಿ ನಿಂತ ಹೆಂಗಸು ಮಾತಿಗೆ ತೊಡಗುತ್ತಾಳೆ: “ಯಾವ ಜನಮ್ಮ ನೀವು? ಈ ಮಗು ನಿಂದೇನಾ? ನಿನ್ನ ಹೋಲಿಕೆ ಒಂದಿಷ್ಟೂ ಇಲ್ಲವಲ್ಲ!” ಮಗುವಿನ ಹೆಸರನ್ನು ಮಾತ್ರ ಕೇಳುವುದಿಲ್ಲ. ತಾಯಿ ನಕ್ಕು ಸುಮ್ಮನಾಗುತ್ತಾಳೆ. ಮಗುವೋ ತನ್ನ ಕೈಯನ್ನು ತಾಯಿಯ ಕೈಯ ಪಕ್ಕದಲ್ಲಿಟ್ಟು ನೋಡುತ್ತದೆ.

“ಕೇಳಿದರೆ ತಪ್ಪೇನು?” ಎನ್ನಬಹುದು ನೀವು. ಊರು, ಜನ, ಸಂಬಂಧ ವಿಚಾರಿಸುವುದು ನಮ್ಮ ಕಡೆಯ ರೂಢಿ. ಎಷ್ಟೋ ಸಲ ಅದು ಅಕ್ಕರೆಯ ಮಾತೂ ಹೌದು. ಆದರೆ ನಾವು ಒಮ್ಮೆ ಕೇಳಿ ಮರೆಯುವ ಪ್ರಶ್ನೆಯನ್ನು ಅವರು ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಕಡೆಗೆ ದೇವಾಲಯದ ಬಾಗಿಲಲ್ಲೂ ಕೇಳಿಸಿಕೊಳ್ಳುತ್ತಾರೆ. ಹೆತ್ತ ತಾಯಿ ತನ್ನವಳೇ ಎಂದು ಪರರಿಗೆ ರುಜುವಾತು ಕೊಡಬೇಕೆಂಬ ಪಾಠವನ್ನು ಆ ಮಗು ಕಲಿಯುತ್ತದೆ.

ಇಂಥ ಮುಖಗಳನ್ನು ಕಂಡು ನಮ್ಮ ಜಿಲ್ಲೆಯವರು ಬೆರಗಾಗಬೇಕಿಲ್ಲ. 1880ರ ನಂತರ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗಳನ್ನು ನಡೆಸತೊಡಗಿದಾಗ ಇಂಗ್ಲೆಂಡಿನಿಂದ, ಇಟಲಿಯಿಂದ, ತಮಿಳು ಮತ್ತು ತೆಲುಗು ಸೀಮೆಗಳಿಂದ ಜನ ಬಂದರು. ಆಂಗ್ಲೋ ಇಂಡಿಯನ್ ಕುಟುಂಬಗಳೂ ಅಲ್ಲಿ ನೆಲೆಸಿದವು. 2001ರಲ್ಲಿ ಗಣಿಗಳು ಮುಚ್ಚಿದವು. ಮನೆಗಳು, ಸಂಬಂಧಗಳು ಉಳಿದವು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಸಿದ್ದಿ ಜನರಲ್ಲಿಯೂ ನಮ್ಮಂತೆ ಬಲಿಪೂಜೆಗೆ ಬರುವ ಕಥೋಲಿಕರಿದ್ದಾರೆ. ಅವರ ಪೂರ್ವಿಕರನ್ನು ಆಫ್ರಿಕದಿಂದ ಗುಲಾಮರನ್ನಾಗಿ ತಂದರು. ತಲೆತಲಾಂತರದಿಂದ ಈ ನಾಡಿನ ಮಕ್ಕಳಾಗಿದ್ದರೂ “ಯಾವ ದೇಶದವರು?” ಎಂಬ ಪ್ರಶ್ನೆ ಅವರಿಗೆ ತಪ್ಪಿಲ್ಲ.

ಆಂಗ್ಲೋ ಇಂಡಿಯನ್ ಎಂದರೆ ಯಾರೆಂದು ನಮ್ಮ ಸಂವಿಧಾನದ 366ನೆಯ ವಿಧಿ ಹೇಳುತ್ತದೆ. ಸರ್ಕಾರಕ್ಕೆ ದಾಖಲೆಗಾಗಿ ಅದು ಬೇಕಾದೀತು. ಬಸ್ ನಿಲ್ದಾಣದಲ್ಲಿ ನಿಂತ ನಮಗೆ ಅದರಿಂದ ಆಗಬೇಕಾದ್ದೇನು?

ಈ ಚಾಳಿ ಇಂದಿನದಲ್ಲ. ಮೋಶೆ ಕೂಷ್ ದೇಶದ ಸ್ತ್ರೀಯನ್ನು ಮದುವೆಯಾದಾಗ ಆಡಿಕೊಂಡವರು ಹೊರಗಿನವರಲ್ಲ, ಅವನ ಅಕ್ಕ ಮಿರ್ಯಾಮಳು, ಅಣ್ಣ ಆರೋನನು. ದೇವರು ಸಿಟ್ಟಾದರು. ಮಿರ್ಯಾಮಳಿಗೆ ಕುಷ್ಠ ಹತ್ತಿತು. ಏಳು ದಿನ ಪಾಳೆಯದ ಹೊರಗಿದ್ದಳು. ಅವಳು ಹಿಂತಿರುಗುವ ತನಕ ಜನರು ಮುಂದೆ ಹೊರಡಲಿಲ್ಲ. ಒಂದು ಮನೆಯ ಮದುವೆಯ ಬಗ್ಗೆ ಆಡಿದ ಮಾತಿನಿಂದ ಇಡೀ ಜನಾಂಗದ ಪ್ರಯಾಣ ನಿಂತಿತು! ಅವಳು ಗುಣವಾಗಲೆಂದು ಮೊರೆಯಿಟ್ಟವನು ಯಾರು? ಆ ಮೋಶೆಯೇ.

ನವೆಂಬರ್ 3ರಂದು ನಾವು ಹಬ್ಬ ಆಚರಿಸುವ ಸಂತ ಮಾರ್ಟಿನ್ ಡಿ ಪೋರೆಸ್ ಕೂಡ ಅಂಥ ಮಗುವೇ. 1579ರಲ್ಲಿ ಪೆರು ದೇಶದ ಲೀಮಾದಲ್ಲಿ ಹುಟ್ಟಿದರು. ತಂದೆ ಸ್ಪೇನಿನ ಕುಲೀನ. ತಾಯಿ ದಾಸ್ಯದಿಂದ ಬಿಡುಗಡೆ ಹೊಂದಿದ ಆಫ್ರಿಕ ಮೂಲದ ಹೆಣ್ಣು. ಜ್ಞಾನಸ್ನಾನದ ದಾಖಲೆಯಲ್ಲಿ ತಂದೆ ಯಾರೆಂದು ತಿಳಿಯದೆಂದೇ ಬರೆಯಲಾಯಿತು. ಹುಟ್ಟಿನ ಕಾರಣದಿಂದ ಡೊಮಿನಿಕನ್ ಮಠದಲ್ಲಿ ಮೊದಲು ಸೇವಕರಾಗಿ ಮಾತ್ರ ಸೇರಬೇಕಾಯಿತು. ಅದೇ ಮಠದಲ್ಲಿ ಅವರು ಕಸ ಗುಡಿಸಿದರು, ರೋಗಿಗಳ ಗಾಯ ತೊಳೆದರು. ಯಾವ ರೋಗಿಯ ಕುಲವನ್ನೂ ನೋಡಿ ಮದ್ದು ಹಚ್ಚಲಿಲ್ಲ. 1962ರಲ್ಲಿ ಪೋಪ್ 23ನೆಯ ಜಾನ್ ಅವರನ್ನು ಸಂತರೆಂದು ಘೋಷಿಸಿದರು.

ಇನ್ನು ನಮ್ಮ ಪ್ರಭುವನ್ನು ನೋಡಿ. ಸಮಾರ್ಯದ ಬಾವಿಯ ಬಳಿ ಆ ಸ್ತ್ರೀಯನ್ನು ಅವರು ಮೊದಲು ಕೇಳಿದ್ದೇನು? ನೀರು. ಜನಾಂಗದ ಮಾತೆತ್ತಿದವಳು ಅವಳೇ. ಕುಲ ಕೇಳಿಯೇ ನೀರು ಹೊಯ್ಯುತ್ತಿದ್ದ ದಿನಗಳನ್ನು ಕಂಡ ನಮ್ಮ ಹಿರಿಯರಿಗೆ ಆ ಬೇಡಿಕೆಯ ಬೆಲೆ ಗೊತ್ತು.

ಪ್ರಿಯ ತಂದೆತಾಯಿಗಳೇ, ಬರುವ ಭಾನುವಾರ ಪೂಜೆ ಮುಗಿದ ಮೇಲೆ ಹೊಸ ಕುಟುಂಬವೊಂದು ಕಂಡರೆ ಮೊದಲು ನಿಮ್ಮ ಹೆಸರು ಹೇಳಿ, ಆಮೇಲೆ ಅವರ ಹೆಸರು ಕೇಳಿ. ಕೂರಲು ಜಾಗ ಕೊಡಿ. ಮಗುವಿನ ಬಣ್ಣವನ್ನು ಮಗುವಿನೆದುರಲ್ಲಿ ಅಳೆಯಬೇಡಿ, ಹೊಗಳುವುದಕ್ಕಾದರೂ ಬೇಡ. ಮನೆಯ ಕಥೆಯನ್ನು ಅವರಾಗಿ ಹೇಳಿದರೆ ಮನಸ್ಸಿಟ್ಟು ಕೇಳಿ, ಹೇಳದಿದ್ದರೆ ಕೆದಕಬೇಡಿ. ಇಂಥ ಪ್ರಶ್ನೆಗಳಿಂದ ನೊಂದಿರುವ ಹೆತ್ತವರೇ, ಎಲ್ಲರಿಗೂ ಉತ್ತರ ಕೊಡುವ ಋಣ ನಿಮಗಿಲ್ಲ. ಕೇಳಿದವರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ; ಆದರೆ ಮನೆಗೆ ಬಂದ ಮೇಲೆ ಮಗುವನ್ನು ತಬ್ಬಿ, “ನೀನು ನಮ್ಮ ಮಗಳು” ಎಂದು ಹೇಳಲು ಮರೆಯಬೇಡಿ.

ಜ್ಞಾನಸ್ನಾನದ ತೊಟ್ಟಿಯ ಬಳಿ ಗುರುಗಳು ಮೊದಲು ಕೇಳುವುದು ಮಗುವಿನ ಹೆಸರನ್ನು. ನಾವೂ ಅಲ್ಲಿಂದಲೇ ಮೊದಲು ಮಾಡೋಣ.