ಹೆಂಗಸರ ಸರಾಸರಿ, ಮಕ್ಕಳ ಸರಾಸರಿ

ಜನಸಂಖ್ಯೆಯ ಕುರಿತ ಸಾರ್ವಜನಿಕ ಚರ್ಚೆಯಲ್ಲಿ ಸರಾಸರಿಯೆಂಬ ಪರಿಕಲ್ಪನೆಯಷ್ಟು ದುರ್ಬಳಕೆಯಾಗುವುದು ಇನ್ನೊಂದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಒಟ್ಟು ಫಲವತ್ತತೆ ದರ, ಅಂದರೆ ಸದ್ಯದ ಹೆರಿಗೆಯ ಪ್ರಮಾಣವೇ ಮುಂದುವರಿದರೆ ಒಬ್ಬ ಹೆಣ್ಣು ಜೀವಿತದಲ್ಲಿ ಹೆರಬಹುದಾದ ಮಕ್ಕಳ ಸರಾಸರಿ ಸಂಖ್ಯೆ, ಭಾರತದಲ್ಲಿ 2.0, ಕರ್ನಾಟಕದಲ್ಲಿ 1.7. ಇಂಥ ಅಂಕಿ ಹೊರಬಿದ್ದೊಡನೆ ಹಿಂದಿನ ಹೆಂಗಸರೆಲ್ಲ ಐದಾರು ಮಕ್ಕಳನ್ನು ಹೆತ್ತು ಸಾಕುತ್ತಿದ್ದರೆಂದೂ ಈಗಿನವರು ಕರ್ತವ್ಯಕ್ಕೆ ಬೆನ್ನು ತಿರುಗಿಸಿದ್ದಾರೆಂದೂ ವೇದಿಕೆಗಳಿಂದ ಉಪದೇಶ ಆರಂಭವಾಗುತ್ತದೆ. ದರ ಬಹಳವಾಗಿ ಇಳಿದಿರುವುದು ನಿಜ; ಆದರೆ ‘ಹೆಂಗಸರೆಲ್ಲ’ ಎಂಬ ಮಾತು ಯಾವ ಕಾಲಕ್ಕೂ ನಿಜವಾಗಿರಲಿಲ್ಲ.

ಹೆಂಗಸರ ಕಡೆಯಿಂದ ಎಣಿಸಿದ ಸರಾಸರಿ ಬೇರೆ, ಮಕ್ಕಳ ಕಡೆಯಿಂದ ಎಣಿಸಿದ ಸರಾಸರಿ ಬೇರೆ. ಹತ್ತು ಹೆಂಗಸರಿರುವ ಒಂದು ಕೇರಿಯಲ್ಲಿ ಇಬ್ಬರಿಗೆ ಮಕ್ಕಳಿಲ್ಲ, ಇಬ್ಬರಿಗೆ ಒಂದೊಂದು, ಇಬ್ಬರಿಗೆ ಎರಡೆರಡು, ಇಬ್ಬರಿಗೆ ಮೂರು ಮೂರು, ಉಳಿದಿಬ್ಬರಿಗೆ ನಾಲ್ಕು ನಾಲ್ಕು ಎಂದಿಟ್ಟುಕೊಂಡರೆ ಒಟ್ಟು 20 ಮಕ್ಕಳಾದವು, ಹೆಂಗಸರ ಸರಾಸರಿ 2. ಆ ಮಕ್ಕಳನ್ನೇ ‘ನಿನ್ನ ತಾಯಿ ಎಷ್ಟು ಹೆತ್ತಳು’ ಎಂದು ಕೇಳಿದಾಗ ನಾಲ್ಕು ಎನ್ನುವವರು ಎಂಟು ಮಂದಿ, ಮೂರು ಎನ್ನುವವರು ಆರು, ಎರಡು ಎನ್ನುವವರು ನಾಲ್ವರು, ಒಂದು ಎನ್ನುವವರು ಇಬ್ಬರೇ. ಉತ್ತರಗಳ ಸರಾಸರಿ 3. ಈ ಮಕ್ಕಳು ದೊಡ್ಡವರಾಗಿ, ಹೆಣ್ಣೊಬ್ಬಳಿಗೆ ಸರಾಸರಿ ಎರಡರಂತೆ ಹೆತ್ತರೆ, ದರ ಒಂದಿಷ್ಟೂ ಇಳಿಯದಿದ್ದರೂ ಅವರು ತಮ್ಮ ತಾಯಂದಿರಿಗಿಂತ ಸುಮಾರು ಒಂದು ಮಗುವನ್ನು ಕಡಿಮೆ ಹೆತ್ತಿರುತ್ತಾರೆ. ಹಂಚಿಕೆ ಅಸಮವಾದಷ್ಟೂ ಈ ಅಂತರ ಹಿಗ್ಗುವುದನ್ನು ಜನಸಂಖ್ಯಾಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪ್ರೆಸ್ಟನ್ 1976ರಲ್ಲಿ ವಿವರಿಸಿದರು.

ಮಕ್ಕಳಿಲ್ಲದ ಆ ಇಬ್ಬರು ಎರಡನೆಯ ಎಣಿಕೆಯಲ್ಲಿ ಬರುವುದೇ ಇಲ್ಲ, ಏಕೆಂದರೆ ಅವರ ಪರವಾಗಿ ಉತ್ತರಿಸಲು ಯಾರೂ ಹುಟ್ಟಿಲ್ಲ. ಎಳವೆಯಲ್ಲೇ ಗಂಡ ಸತ್ತು, ತಲೆ ಬೋಳಿಸಿಕೊಂಡು, ಅಣ್ಣತಮ್ಮಂದಿರ ಮನೆಯ ಒಲೆಯ ಮುಂದೆ ಆಯುಷ್ಯ ಸವೆಸಿದವರೂ, ಬಂಜೆಯೆನಿಸಿಕೊಂಡು ಸೀಮಂತಕ್ಕೂ ತೊಟ್ಟಿಲಶಾಸ್ತ್ರಕ್ಕೂ ಕರೆಯಿಲ್ಲದೆ ಉಳಿದವರೂ ಹೀಗೆ ಲೆಕ್ಕದಿಂದ ಜಾರಿಹೋದವರು. ಮನೆ ತುಂಬ ಮಕ್ಕಳಿದ್ದ ಕಾಲವೆಂದು ಹಾಡಿಹೊಗಳುವ ನೆನಪು ಹೆತ್ತವರ ಮಕ್ಕಳ ನೆನಪು ಮಾತ್ರ.

ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಈ ಅಸಮತೆಯನ್ನು 1890ರ ದಶಕದಲ್ಲೇ ಕಂಡಿದ್ದ. ವಿವಾಹಿತರಲ್ಲಿ ಸುಮಾರು ಕಾಲುಭಾಗದವರೇ ಮುಂದಿನ ತಲೆಮಾರಿನ ಅರ್ಧವನ್ನು ಹೆರುತ್ತಾರೆಂದು ಲೆಕ್ಕ ಹಾಕಿದ್ದ. ಆದರೆ ಅವನು ಅಲ್ಲಿಗೆ ನಿಲ್ಲದೆ, ಹೆಚ್ಚು ಹೆರುವವರು ‘ಅಯೋಗ್ಯ’ರಾದರೆ ರಾಷ್ಟ್ರವೇ ಕ್ಷೀಣಿಸುವುದೆಂದು ಹೆದರಿಸಿ, ಯಾರು ಹೆರಬೇಕು, ಯಾರು ಹೆರಬಾರದು ಎಂದು ವಿಧಿಸುವ ಸುಪ್ರಜನನವಾದಕ್ಕೆ ಆ ಲೆಕ್ಕವನ್ನು ದುಡಿಸಿಕೊಂಡ. ಒಂದು ತಲೆಮಾರಿನಲ್ಲಿ ಹೆಚ್ಚು ಹೆತ್ತವರು ಪ್ರತ್ಯೇಕ ಕುಲವೇನಲ್ಲ. ತಾಯಿ ಹೆತ್ತ ಮಕ್ಕಳ ಸಂಖ್ಯೆಗೂ ಮಗಳು ಹೆರುವ ಮಕ್ಕಳ ಸಂಖ್ಯೆಗೂ ಇರುವ ನಂಟು ದುರ್ಬಲವಾದದ್ದು, ನಾಲ್ಕು ಹೆತ್ತವಳ ಮಗಳು ಒಂದಕ್ಕೇ ನಿಲ್ಲಿಸಬಹುದು. ಒಂದು ಸಮುದಾಯದ ಹೆರಿಗೆಯನ್ನು ತೋರಿಸಿ ಇನ್ನೊಂದನ್ನು ಬೆದರಿಸುವ ಇಂದಿನ ಭಾಷಣಗಳು ಪಿಯರ್ಸನ್ನನ ಇದೇ ತಪ್ಪನ್ನು ಹೊತ್ತು ತಿರುಗುತ್ತಿವೆ.

ಸರಾಸರಿಯೆಂಬುದು ಗುಂಪಿನ ಲಕ್ಷಣ. ಅದನ್ನು ಒಬ್ಬೊಬ್ಬ ಹೆಣ್ಣಿನ ತಲೆಗೆ ಕಟ್ಟುವ ಕಂದಾಯವಾಗಿ ಮಾಡಲು ತರ್ಕದಲ್ಲಿ ಯಾವ ಆಧಾರವೂ ಇಲ್ಲ. ಎರಡೋ ಮೂರೋ ಹೆರಲೇಬೇಕೆಂದು ಕರೆ ಕೊಡುವವರು ಆ ಕರೆಯನ್ನು ಹಿಂತೆಗೆದುಕೊಳ್ಳಬೇಕು.